ತಾಯಿಯ ತೋಳಿನ ಬಲವೂ ಸರಾಸರಿ ವೇಗೋತ್ಕರ್ಷದ ಲೆಕ್ಕವೂ

ಪ್ರೌಢಶಾಲೆಯ ವಿಜ್ಞಾನ ಪಠ್ಯದಲ್ಲಿ ಚಲನೆ ಮತ್ತು ಬಲದ ಪಾಠಗಳು ನಡೆಯುವ ದಿನಗಳಲ್ಲಿ ಅನೇಕ ಮನೆಗಳಲ್ಲಿ ಹಿರಿಯರು ಮಕ್ಕಳಿಂದ ಸ್ವಲ್ಪ ದೂರವೇ ಇರಬಯಸುತ್ತಾರೆ. ಮಗಳು ಪುಸ್ತಕ ಹಿಡಿದು ಬಂದು ‘ಅಪ್ಪಾಜಿ, ಸರಾಸರಿ ವೇಗೋತ್ಕರ್ಷ ಕಂಡುಹಿಡಿಯಿರಿ ಎಂದು ಕೊಟ್ಟಿದ್ದಾರೆ, ಹೇಗೆ?’ ಎಂದು ಕೇಳಿದರೆ, ‘ನಿಮ್ಮ ಮಾಸ್ತರರನ್ನೇ ಕೇಳವ್ವ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸೂತ್ರವನ್ನು ಬಾಯಿಪಾಠ ಮಾಡಿ, ಅಂಕಿಗಳನ್ನು ಅದರೊಳಗಿಟ್ಟು, ಬಂದ ಉತ್ತರವನ್ನು ಪುಸ್ತಕದ ಕೊನೆಯ ಪುಟದೊಂದಿಗೆ ತಾಳೆ ನೋಡಿದಲ್ಲಿಗೆ ವಿದ್ಯೆ ಮುಗಿಯಿತೆಂದು ಮಕ್ಕಳೂ ತಿಳಿಯುತ್ತಾರೆ. ಈ ಲೆಕ್ಕಕ್ಕೂ ಸಂಸಾರಕ್ಕೂ ಏನು ಸಂಬಂಧವೆಂದು ಕೇಳುವವರೂ ಉಂಟು.

ಸಂಬಂಧ ಬಲು ಹತ್ತಿರದ್ದು. ಮದುವೆಗೆ, ಜಾತ್ರೆಗೆ, ಗೃಹಪ್ರವೇಶಕ್ಕೆಂದು ಕುಟುಂಬಗಳು ಕಾರಿನಲ್ಲಿ ಹೊರಡುವುದನ್ನು ನಾವು ನಿತ್ಯ ಕಾಣುತ್ತೇವೆ. ಹಿಂದಿನ ಆಸನದಲ್ಲಿ ನಾಲ್ವರು. ಮುಂದಿನ ಆಸನದಲ್ಲಿ ತಾಯಿ ಅಥವಾ ಅಜ್ಜಿ. ಅವರ ತೊಡೆಯ ಮೇಲೆ ವರ್ಷದ ಕೂಸು. ಯಾರಾದರೂ ಆಕ್ಷೇಪಿಸಿದರೆ, ‘ನಾ ಗಟ್ಟಿಯಾಗಿ ಹಿಡಕೊಂಡೀನಿ, ನೀವೇನೂ ಚಿಂತಿ ಮಾಡಬ್ಯಾಡ್ರಿ’ ಎಂಬ ಅಭಯ ದೊರೆಯುತ್ತದೆ. ಆ ಅಭಯದ ಹಿಂದಿನ ವಾತ್ಸಲ್ಯವನ್ನು ಯಾರೂ ಶಂಕಿಸಲಾರರು. ಆದರೆ ಆ ಹಿಡಿತ ಎಷ್ಟು ಬಲವನ್ನು ತಡೆಯಬೇಕಾದೀತು ಎಂಬುದನ್ನು ತೂಗಿ ಹೇಳುವ ತಕ್ಕಡಿಯೊಂದು ಮನೆಯ ಮಕ್ಕಳ ಪುಸ್ತಕದಲ್ಲಿಯೇ ಇದೆ. ಈ ಸಂಚಿಕೆಯಲ್ಲಿ ಆ ತಕ್ಕಡಿಯನ್ನು ಹಿಡಿಯುವ ಕ್ರಮವನ್ನು ಬಂಧುಗಳ ಮುಂದಿಡಬಯಸುತ್ತೇನೆ.

ಮೊದಲು ಶಬ್ದಗಳ ವಿಚಾರ. ವೇಗೋತ್ಕರ್ಷ ಎಂಬ ಪಾರಿಭಾಷಿಕ ಪದವೇ ಮಕ್ಕಳನ್ನು ತುಸು ದಾರಿ ತಪ್ಪಿಸುತ್ತದೆ. ಉತ್ಕರ್ಷವೆಂದರೆ ಏಳಿಗೆ, ಹೆಚ್ಚಳ. ಆದುದರಿಂದ ವೇಗ ಹೆಚ್ಚಿದಾಗ ಮಾತ್ರ ವೇಗೋತ್ಕರ್ಷ, ಕುಗ್ಗಿದಾಗ ಅದು ಇಲ್ಲವೆಂದು ಅವರು ಭಾವಿಸುತ್ತಾರೆ. ಹಿಂದಿಯವರು ಇದನ್ನೇ ‘ತ್ವರಣ’ ಎನ್ನುತ್ತಾರೆ. ತ್ವರೆಯಿಂದ ಹುಟ್ಟಿದ ಆ ಮಾತಿನಲ್ಲಿಯೂ ಇದೇ ತೊಡಕಿದೆ. ಭೌತಶಾಸ್ತ್ರದಲ್ಲಿ ಈ ಪದದ ಅರ್ಥ ವೇಗದಲ್ಲಾಗುವ ಬದಲಾವಣೆಯ ದರ ಎಂದಷ್ಟೆ. ವೇಗ ಹೆಚ್ಚಲಿ, ಕುಗ್ಗಲಿ, ಅಥವಾ ದಿಕ್ಕು ಮಾತ್ರ ತಿರುಗಲಿ, ವೇಗೋತ್ಕರ್ಷ ಉಂಟಾಯಿತೆಂದೇ ಅರ್ಥ. ಹಾಗೆಯೇ ಸಂಸ್ಕೃತದಲ್ಲಿ ಸಮಾನಾರ್ಥಕಗಳಾದ ‘ಜವ’ ಮತ್ತು ‘ವೇಗ’ಗಳಿಗೆ ನಮ್ಮ ಪಠ್ಯಪುಸ್ತಕಗಳು ಬೇರೆ ಬೇರೆ ಅರ್ಥವನ್ನು ನಿಗದಿಗೊಳಿಸಿವೆ. ಎಷ್ಟು ಬೇಗ ಎಂಬುದನ್ನು ಮಾತ್ರ ಹೇಳಿದರೆ ಜವ. ಯಾವ ದಿಕ್ಕಿಗೆ ಎಂಬುದನ್ನೂ ಕೂಡಿಸಿ ಹೇಳಿದರೆ ವೇಗ. ಈ ಭೇದ ಪಂಡಿತರ ಕೂದಲು ಸೀಳುವ ಚಟದಂತೆ ತೋರಬಹುದು. ಅದು ಹಾಗಲ್ಲವೆಂಬುದಕ್ಕೆ ಮುಂದೆ ಒಂದು ಚೆಂಡಿನ ಸಾಕ್ಷ್ಯ ಬರುತ್ತದೆ.

ಸರಾಸರಿ ವೇಗೋತ್ಕರ್ಷವನ್ನು ಕಾಣುವ ವಿಧಾನ ಸರಳ. ಕೊನೆಯ ವೇಗದಿಂದ ಮೊದಲಿನ ವೇಗವನ್ನು ಕಳೆಯಬೇಕು. ಬಂದ ಶೇಷವನ್ನು, ಆ ಬದಲಾವಣೆಗೆ ಹಿಡಿದ ಕಾಲದಿಂದ ಭಾಗಿಸಬೇಕು. ನಿಲ್ದಾಣದಿಂದ ಹೊರಟ ಬಸ್ಸು 8 ಸೆಕೆಂಡುಗಳಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗ ಪಡೆಯಿತೆಂದುಕೊಳ್ಳೋಣ. ಇಲ್ಲಿ ಮಕ್ಕಳು 36ನ್ನು 8ರಿಂದ ಭಾಗಿಸಿಬಿಡುತ್ತಾರೆ. ಕಾಲವನ್ನು ಸೆಕೆಂಡಿನಲ್ಲಿ ಅಳೆದ ಮೇಲೆ ವೇಗವೂ ಸೆಕೆಂಡಿನ ಲೆಕ್ಕಕ್ಕೆ ಇಳಿಯಬೇಕು. ಗಂಟೆಗೆ ಇಷ್ಟು ಕಿಲೋಮೀಟರ್ ಎಂಬುದನ್ನು 3.6ರಿಂದ ಭಾಗಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದಾಗುತ್ತದೆ. 36 ಕಿಲೋಮೀಟರ್ ಎಂಬುದು 10 ಮೀಟರ್ ಆಯಿತು. ಸೊನ್ನೆಯಿಂದ 10ಕ್ಕೆ ಏರಲು 8 ಸೆಕೆಂಡು. ಆದುದರಿಂದ ಪ್ರತಿ ಸೆಕೆಂಡಿಗೆ ವೇಗವು ಸರಾಸರಿ 1.25 ಮೀಟರಿನಷ್ಟು ಹೆಚ್ಚುತ್ತ ಹೋಯಿತು. ‘ಮೀಟರ್ ಪ್ರತಿ ಸೆಕೆಂಡು ಪ್ರತಿ ಸೆಕೆಂಡಿಗೆ’ ಎಂದು ಸೆಕೆಂಡು ಎರಡು ಸಲ ಬರುವುದೇಕೆಂದು ಅನೇಕ ಮಕ್ಕಳಿಗೆ ಯಾರೂ ಹೇಳಿರುವುದಿಲ್ಲ. ಮೊದಲ ಸೆಕೆಂಡು ವೇಗಕ್ಕೆ ಸೇರಿದ್ದು, ಎರಡನೆಯದು ಆ ವೇಗ ಬದಲಾಗಲು ಹಿಡಿದ ಕಾಲಕ್ಕೆ ಸೇರಿದ್ದು, ಅಷ್ಟೆ.

ಈಗ ಚೆಂಡು. 100 ಗ್ರಾಂ ತೂಕದ ರಬ್ಬರ್ ಚೆಂಡೊಂದು ಸೆಕೆಂಡಿಗೆ 10 ಮೀಟರ್ ವೇಗದಿಂದ ನೆಲಕ್ಕೆ ಬಡಿದು, 8 ಮೀಟರ್ ವೇಗದಿಂದ ಮೇಲಕ್ಕೆ ಪುಟಿಯುತ್ತದೆ. ವೇಗದ ಬದಲಾವಣೆ ಎಷ್ಟು? ತರಗತಿಯಲ್ಲಿ ಕೇಳಿ ನೋಡಿದರೆ ಹೆಚ್ಚಿನ ಮಕ್ಕಳು ‘2’ ಎನ್ನುತ್ತಾರೆ. ಉತ್ತರ 18. ಕೆಳಮುಖವಾದ 10 ಪೂರ್ತಿಯಾಗಿ ಅಳಿದು ಸೊನ್ನೆಯಾಗಬೇಕು. ಅನಂತರ ಮೇಲ್ಮುಖವಾಗಿ 8 ಹುಟ್ಟಬೇಕು. ಸಾಲದ ಖಾತೆಯಲ್ಲಿ 10 ರೂಪಾಯಿ ಇದ್ದವನು 8 ರೂಪಾಯಿ ಉಳಿತಾಯದ ಧಣಿಯಾಗಬೇಕಾದರೆ ಅವನ ಕೈಗೆ 18 ರೂಪಾಯಿ ಬರಬೇಕಲ್ಲವೆ? ಲೆಕ್ಕ ಅದೇ. ಚೆಂಡು ನೆಲವನ್ನು ಮುಟ್ಟಿಕೊಂಡಿದ್ದ ಕಾಲ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ, ಅಂದರೆ 0.02 ಸೆಕೆಂಡು ಎಂದಿಟ್ಟುಕೊಂಡರೆ, ಸರಾಸರಿ ವೇಗೋತ್ಕರ್ಷ 900. ಜವದ ಲೆಕ್ಕದಲ್ಲಿ ನಿಂತವನು 100 ಎನ್ನುತ್ತಾನೆ. ಒಂಬತ್ತು ಪಟ್ಟು ತಪ್ಪುತ್ತಾನೆ.

ವೇಗೋತ್ಕರ್ಷದಿಂದ ಬಲಕ್ಕೆ ಹೋಗುವ ಹೆಜ್ಜೆ ಒಂದೇ. ವಸ್ತುವಿನ ದ್ರವ್ಯರಾಶಿಯಿಂದ ವೇಗೋತ್ಕರ್ಷವನ್ನು ಗುಣಿಸಿದರೆ ಬಲ ದೊರೆಯುತ್ತದೆ. ಮೇಲಿನ ಚೆಂಡು 0.1 ಕಿಲೋಗ್ರಾಂ, 900ರಿಂದ ಗುಣಿಸಿದರೆ 90 ನ್ಯೂಟನ್. ನ್ಯೂಟನ್ ಎಂಬ ಮಾನ ಮನಸ್ಸಿಗೆ ನಿಲುಕದಿದ್ದರೆ ಹೀಗೆ ನೆನಪಿಡಬಹುದು: ಒಂದು ಕಿಲೋಗ್ರಾಂ ಬೆಲ್ಲದ ಅಚ್ಚನ್ನು ಅಂಗೈಯಲ್ಲಿ ಹಿಡಿದಾಗ ಅದು ಕೈಯನ್ನು ಕೆಳಗೆ ಒತ್ತುವ ಬಲ 9.8 ನ್ಯೂಟನ್, ಅಂದರೆ ಹೆಚ್ಚುಕಡಿಮೆ 10. ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಹೀಗೆ ಬರುವ 90 ನ್ಯೂಟನ್ ಚೆಂಡಿನ ಮೇಲಿನ ಎಲ್ಲ ಬಲಗಳನ್ನೂ ಕೂಡಿಸಿ ಕಳೆದ ಮೇಲೆ ಉಳಿದ ನಿವ್ವಳ ಬಲ. ಭೂಮಿ ಚೆಂಡನ್ನು ಕೆಳಗೆ ಎಳೆಯುತ್ತಿರುವ 1 ನ್ಯೂಟನ್ನನ್ನೂ ನೆಲವೇ ಭರಿಸಬೇಕಾದುದರಿಂದ ನೆಲ ಕೊಟ್ಟ ಬಲ 91. ಚೆಂಡಿನಲ್ಲಿ ಇದು ಅಲ್ಪ. ಮೇಲಕ್ಕೇರುವ ಲಿಫ್ಟಿನ ಲೆಕ್ಕದಲ್ಲಿ ತೂಕವನ್ನು ಮರೆತರೆ ಉತ್ತರವೇ ಕೆಡುತ್ತದೆ.

ನ್ಯೂಟನ್ ಮಹಾಶಯನು 1687ರಲ್ಲಿ ಪ್ರಕಟಿಸಿದ ‘ಪ್ರಿನ್ಸಿಪಿಯಾ’ ಗ್ರಂಥದಲ್ಲಿ ಎರಡನೆಯ ನಿಯಮವನ್ನು ಹೇಳಿರುವ ರೀತಿ ಇಂದಿನ ಶಾಲೆಯ ಸೂತ್ರದಂತಿಲ್ಲ ಎಂಬುದು ಗಮನಾರ್ಹ. ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿರೆಂದು ಆತನು ಬರೆಯಲಿಲ್ಲ. ಚಲನೆಯ ಬದಲಾವಣೆಯು ಪ್ರಯೋಗವಾದ ಬಲಕ್ಕೆ ಅನುಪಾತದಲ್ಲಿರುತ್ತದೆ, ಬಲದ ದಿಕ್ಕಿನಲ್ಲಿಯೇ ಆಗುತ್ತದೆ ಎಂಬುದು ಆತನ ಮಾತಿನ ತಾತ್ಪರ್ಯ. ಚಲನೆ ಎಂಬುದಕ್ಕೆ ಆತನು ಕೊಟ್ಟ ಅರ್ಥ ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧ. ನಮ್ಮ ಪುಸ್ತಕಗಳು ಇದನ್ನೇ ಸಂವೇಗ ಎನ್ನುತ್ತವೆ. ಈ ದೃಷ್ಟಿಯಿಂದ ನೋಡಿದರೆ ನಮ್ಮ ವಿಷಯ ಬಹಳ ತಿಳಿಯಾಗುತ್ತದೆ. ಓಡುತ್ತಿರುವ ವಸ್ತು ನಿಲ್ಲಬೇಕಾದರೆ ಅದರ ಸಂವೇಗವಷ್ಟೂ ಸಂದಾಯವಾಗಲೇಬೇಕು. ಸಂದಾಯದ ಮೊತ್ತದಲ್ಲಿ ರಿಯಾಯಿತಿ ಇಲ್ಲ. ಕಂತುಗಳಲ್ಲಿ ಸಾವಕಾಶವಾಗಿ ತೀರಿಸಿದರೆ ಒಂದೊಂದು ಕಂತೂ ಹಗುರ. ಒಂದೇ ಗಳಿಗೆಯಲ್ಲಿ ತೀರಿಸಬೇಕಾದರೆ ಮನೆ ಮಾರಬೇಕಾದೀತು.

ಕ್ರಿಕೆಟ್ ಆಡುವ ಹುಡುಗರಿಗೆ ಇದು ಗೊತ್ತು. 0.16 ಕಿಲೋಗ್ರಾಂ ಚೆಂಡು ಗಂಟೆಗೆ 108 ಕಿಲೋಮೀಟರ್, ಅಂದರೆ ಸೆಕೆಂಡಿಗೆ 30 ಮೀಟರ್ ವೇಗದಿಂದ ಬರುತ್ತಿದೆ. ಕೈಯನ್ನು ಕಲ್ಲಿನಂತೆ ಬಿಗಿಹಿಡಿದು 0.01 ಸೆಕೆಂಡಿನಲ್ಲಿ ನಿಲ್ಲಿಸಿದರೆ ಅಂಗೈ ಮೇಲೆ ಬೀಳುವ ಸರಾಸರಿ ಬಲ 480 ನ್ಯೂಟನ್. ಚೆಂಡಿನೊಂದಿಗೆ ಕೈಯನ್ನೂ ಹಿಂದಕ್ಕೆ ಒಯ್ದು 0.1 ಸೆಕೆಂಡಿನಷ್ಟು ಸಾವಕಾಶ ಕೊಟ್ಟರೆ 48. ಚೆಂಡು ಅದೇ, ವೇಗ ಅದೇ. ಕಾಲ ಮಾತ್ರ ಹತ್ತು ಪಟ್ಟಾಯಿತು. ಮಾಳಿಗೆಯಿಂದ ಹಾರಿದವನು ಮೊಣಕಾಲು ಬಗ್ಗಿಸುವುದೂ, ಗಾಜಿನ ಸಾಮಾನುಗಳ ನಡುವೆ ಹುಲ್ಲು ತುರುಕುವುದೂ ಇದೇ ಲೆಕ್ಕದ ಬಳಕೆ.

ಇನ್ನು ಕಾರಿಗೆ ಬರೋಣ. ಗಂಟೆಗೆ 54 ಕಿಲೋಮೀಟರ್ ಎಂದರೆ ಹೆದ್ದಾರಿಯಲ್ಲಿ ಯಾರೂ ವೇಗವೆಂದು ಕರೆಯಲಾರರು. ಅದು ಸೆಕೆಂಡಿಗೆ 15 ಮೀಟರ್. ಕಾರು ಮರಕ್ಕೋ ಎದುರಿನ ಲಾರಿಗೋ ಬಡಿದು 0.1 ಸೆಕೆಂಡಿನಲ್ಲಿ ನಿಂತಿತು ಎನ್ನೋಣ. ಈ 0.1 ಎಂಬ ಅಂಕಿ ಕಲ್ಪನೆಯಿಂದ ಹುಟ್ಟಿದ್ದೆಂದು ಬಂಧುಗಳು ಭಾವಿಸಬಾರದು, ಅದಕ್ಕೆ ಆಧಾರವುಂಟು. ವೇಗವು 15ರಿಂದ ಸೊನ್ನೆಗೆ ಒಂದೇ ಸಮನಾಗಿ ಇಳಿದರೆ ಸರಾಸರಿ ವೇಗ ಅದರ ಅರ್ಧ, 7.5. ಆ ಲೆಕ್ಕದಲ್ಲಿ 0.1 ಸೆಕೆಂಡಿನಲ್ಲಿ ಕಾರು ಮುಂದುವರಿಯುವ ದೂರ 75 ಸೆಂಟಿಮೀಟರ್. ಕಾರಿನ ಮೂತಿ ನುಜ್ಜಾಗುವುದು ಸುಮಾರಾಗಿ ಅಷ್ಟೇ. (ಒಂದೇ ಸಮನಾಗಿ ಬದಲಾಗುವ ವೇಗದ ಸರಾಸರಿ, ಮೊದಲ ಮತ್ತು ಕೊನೆಯ ವೇಗಗಳ ಮೊತ್ತದ ಅರ್ಧ ಎಂಬ ಈ ನಿಯಮ ಬಹಳ ಹಳೆಯದು. 14ನೆಯ ಶತಮಾನದಲ್ಲಿಯೇ ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನ ವಿದ್ವಾಂಸರು ಇದನ್ನು ಹೇಳಿದ್ದರು. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಬೀಳುವ ವಸ್ತುಗಳಿಗೆ ಅನ್ವಯಿಸಿ ತೋರಿಸಿದನು. ಬದಲಾವಣೆ ಒಂದೇ ಸಮನಾಗಿ ಇಲ್ಲದಲ್ಲಿ ಈ ಅರ್ಧದ ನಿಯಮ ನಡೆಯದು ಎಂಬುದನ್ನು ಮಕ್ಕಳು ಮರೆಯಬಾರದು.)

ಸರಾಸರಿ ವೇಗೋತ್ಕರ್ಷ 15 ಭಾಗಿಸು 0.1, ಅಂದರೆ 150. ವೇಗ ಕುಗ್ಗುತ್ತಿರುವುದರಿಂದ ಋಣ ಚಿಹ್ನೆ. ಮಗುವಿನ ತೂಕ 10 ಕಿಲೋಗ್ರಾಂ. ಮಗುವೂ ಕಾರಿನೊಂದಿಗೇ ನಿಲ್ಲಬೇಕಾದರೆ ಅದನ್ನು ಹಿಂದಕ್ಕೆ ಹಿಡಿದಿಡಲು ಬೇಕಾದ ಸರಾಸರಿ ಬಲ 1500 ನ್ಯೂಟನ್. ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಒಂದೂವರೆ ಕ್ವಿಂಟಲ್ ಜೋಳದ ಭಾರ. ತೋಳುಗಳನ್ನು ಮುಂದೆ ಚಾಚಿ, ಕುಳಿತಲ್ಲಿಯೇ, ಯಾವ ಮುನ್ಸೂಚನೆಯೂ ಇಲ್ಲದೆ ಆ ಭಾರವನ್ನು ಹಿಡಿಯಬಲ್ಲ ತಾಯಿ ಯಾರು? ಹಮಾಲರು ಕ್ವಿಂಟಲ್ ಚೀಲವನ್ನು ಬೆನ್ನಿಗೆ ಹೊರುತ್ತಾರೆ; ಅವರಿಗೂ ತೋಳಿನಲ್ಲಿ ಚಾಚಿ ಹಿಡಿಯುವುದು ಸಾಧ್ಯವಿಲ್ಲ. ಊರೊಳಗಿನ 36 ಕಿಲೋಮೀಟರ್ ವೇಗದಲ್ಲಿಯೂ, ಅಷ್ಟೇ ಕಾಲದಲ್ಲಿ ನಿಂತರೆ, ಬಲ 1000 ನ್ಯೂಟನ್. ಒಂದು ತುಂಬಿದ ಚೀಲ.

ಇಷ್ಟಾದರೂ ಇದು ತಾಯಿಯು ಸುರಕ್ಷಾ ಪಟ್ಟಿಯನ್ನು ಕಟ್ಟಿಕೊಂಡಿದ್ದಾಳೆ ಎಂದು ಭಾವಿಸಿ ಮಾಡಿದ ಲೆಕ್ಕ. ಅವಳೂ ಪಟ್ಟಿ ಕಟ್ಟದಿದ್ದರೆ ಸ್ಥಿತಿ ಬೇರೆ. ಕಾರು ನಿಂತರೂ ಅವಳ ದೇಹ ಜಡತ್ವದಿಂದ ಅದೇ 15 ಮೀಟರ್ ವೇಗದಲ್ಲಿ ಮುಂದೆ ಸಾಗುತ್ತದೆ. ಕಾರಿನ ಮುಂಭಾಗದ ಫಲಕಕ್ಕೂ ಅವಳ 60 ಕಿಲೋಗ್ರಾಂ ದೇಹಕ್ಕೂ ನಡುವೆ ಸಿಲುಕುವುದು ಆ ಕೂಸು. ಕಾರಿನ ಮೂತಿ ನುಜ್ಜಾಗಿ ಒದಗಿಸಿದ 75 ಸೆಂಟಿಮೀಟರಿನ ಸಾವಕಾಶ ಅವರಿಗೆ ದೊರೆಯುವುದಿಲ್ಲ. ಫಲಕ ತಗ್ಗುವ 5 ಸೆಂಟಿಮೀಟರಿನಲ್ಲಿ ಎಲ್ಲವೂ ಮುಗಿಯಬೇಕು. ವೇಗದ ವರ್ಗವನ್ನು ದೂರದ ಇಮ್ಮಡಿಯಿಂದ ಭಾಗಿಸಿದರೆ ಅಲ್ಲಿನ ವೇಗೋತ್ಕರ್ಷ: 225ನ್ನು 0.1ರಿಂದ ಭಾಗಿಸಿ, 2250. ಮಗುವಿನ ಮೇಲೆ ಅದರ ಸ್ವಂತ ದೇಹಕ್ಕಾಗಿಯೇ 22,500 ನ್ಯೂಟನ್. ಹಿಂದಿನಿಂದ ಬರುವ ತಾಯಿಯ ಭಾರ ಇದರಲ್ಲಿ ಸೇರಿಲ್ಲ. ಕೆಲವರು ತಾವು ಕಟ್ಟಿಕೊಂಡ ಪಟ್ಟಿಯೊಳಗೇ ಮಗುವನ್ನೂ ಸೇರಿಸಿಕೊಳ್ಳುತ್ತಾರೆ. ಇದು ಇನ್ನೂ ಅಪಾಯಕರ. ತಾಯಿಯ ಭಾರವೆಲ್ಲ ಮಗುವಿನ ಮೂಲಕವೇ ಪಟ್ಟಿಗೆ ತಲುಪುತ್ತದೆ.

ಕಾಲದ ಬದಲು ದೂರದಿಂದ ಲೆಕ್ಕ ಮಾಡುವ ಈ ವರ್ಗದ ನಿಯಮದಲ್ಲಿ ಚಾಲಕರು ತಿಳಿಯಬೇಕಾದ ಮಾತೊಂದಿದೆ. ವೇಗ ಇಮ್ಮಡಿಯಾದರೆ, ಅದೇ ಬ್ರೇಕಿನಿಂದ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. 36ರಲ್ಲಿ 10 ಮೀಟರಿನೊಳಗೆ ನಿಲ್ಲುವ ಗಾಡಿ 72ರಲ್ಲಿ 40 ಮೀಟರ್ ಬೇಡುತ್ತದೆ. ಚಾಲಕನ ಕಾಲು ಬ್ರೇಕನ್ನು ಮುಟ್ಟುವ ಮೊದಲೇ ಸಾಗಿದ ದೂರ ಇದಕ್ಕೆ ಸೇರುವಂಥದು.

ಇದುವರೆಗೆ ‘ಸರಾಸರಿ’ ಎಂಬ ಮಾತನ್ನು ನಾನು ಬಿಡದೆ ಬಳಸಿದ್ದಕ್ಕೆ ಕಾರಣವಿದೆ. ಸರಾಸರಿಯು ಮೊತ್ತವನ್ನು ಹೇಳುತ್ತದೆ, ನಡುವಿನ ಏರಿಳಿತವನ್ನು ಮರೆಮಾಚುತ್ತದೆ. ಇದಕ್ಕೆ ಒಂದು ಪ್ರಸಿದ್ಧ ನಿದರ್ಶನ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಹಾಲೊಮನ್ ವಾಯುನೆಲೆಯಲ್ಲಿ ನಡೆದದ್ದು. ಜಾನ್ ಪಾಲ್ ಸ್ಟ್ಯಾಪ್ ಎಂಬುವರು ಅಲ್ಲಿನ ವಾಯುಪಡೆಯ ವೈದ್ಯರು. ವಿಮಾನ ಅಪಘಾತಗಳಲ್ಲಿ ಮನುಷ್ಯದೇಹ ಎಷ್ಟು ವೇಗೋತ್ಕರ್ಷವನ್ನು ತಾಳಬಲ್ಲದೆಂದು ಅರಿಯಲು ಅವರು ಬೇರೆಯವರನ್ನು ಮುಂದೊಡ್ಡದೆ ತಾವೇ ರಾಕೆಟ್ ಬಂಡಿಯಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಕುಳಿತರು. 1954ರ ಡಿಸೆಂಬರ್ 10ರಂದು ಆ ಬಂಡಿ ಹಳಿಯ ಮೇಲೆ ಗಂಟೆಗೆ 1017 ಕಿಲೋಮೀಟರ್ ವೇಗವನ್ನು ತಲುಪಿ, ನೀರಿನ ಬ್ರೇಕಿಗೆ ಸಿಕ್ಕಿ 1.4 ಸೆಕೆಂಡಿನಲ್ಲಿ ನಿಂತಿತು. ಮನೆಯ ಮಕ್ಕಳೇ ಲೆಕ್ಕ ಮಾಡಬಹುದು. 1017ನ್ನು 3.6ರಿಂದ ಭಾಗಿಸಿದರೆ 282.5, ಅದನ್ನು 1.4ರಿಂದ ಭಾಗಿಸಿದರೆ ಸುಮಾರು 202. ಭೂಮಿಯ ಗುರುತ್ವದ 9.8ಕ್ಕೆ ಹೋಲಿಸಿದರೆ ಇಪ್ಪತ್ತು ಪಟ್ಟಿಗಿಂತ ತುಸು ಹೆಚ್ಚು. ಆದರೆ ಬಂಡಿಯ ಉಪಕರಣಗಳು ದಾಖಲಿಸಿದ ಗರಿಷ್ಠ ಮೌಲ್ಯ ಗುರುತ್ವದ 46.2 ಪಟ್ಟು! ಸರಾಸರಿಯ ಎರಡು ಪಟ್ಟಿಗೂ ಮೀರಿದ ಹೊಡೆತವೊಂದು ಆ ಅಲ್ಪಕಾಲದೊಳಗೆ ಅಡಗಿತ್ತು. ಸ್ಟ್ಯಾಪ್ ಅವರ ಕಣ್ಣುಗಳಿಗೆ ರಕ್ತ ನುಗ್ಗಿ ಕೆಲಕಾಲ ದೃಷ್ಟಿ ಇಲ್ಲದಂತಾಯಿತು, ಮತ್ತೆ ಬಂದಿತು. ಅವರು 1999ರವರೆಗೆ ಬದುಕಿದ್ದರು. ಕಾರುಗಳಲ್ಲಿ ಸುರಕ್ಷಾ ಪಟ್ಟಿ ಇರಬೇಕೆಂದು ಬಲವಾಗಿ ವಾದಿಸಿದವರಲ್ಲಿ ಅವರೂ ಒಬ್ಬರು. ಆದುದರಿಂದ ಮಗುವಿನ ಲೆಕ್ಕದಲ್ಲಿ ಬಂದ 1500 ನ್ಯೂಟನ್ ಎಂಬುದನ್ನು ಕನಿಷ್ಠದ ಅಂದಾಜೆಂದೇ ಎಣಿಸಬೇಕು. ಒಂದು ಗಳಿಗೆಯ ಗರಿಷ್ಠ ಬಲ ಅದಕ್ಕಿಂತ ಬಹಳ ಹೆಚ್ಚಿರುವುದೇ ವಾಡಿಕೆ.

ಸ್ವೀಡನ್ ದೇಶದ ವೋಲ್ವೊ ಕಂಪನಿಯ ಅಭಿಯಂತರ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ ಮೂರು ಬಿಂದುಗಳ ಪಟ್ಟಿಯೇ ಇಂದು ಎಲ್ಲ ಕಾರುಗಳಲ್ಲಿರುವುದು. ಕಂಪನಿಯು ಅದರ ಹಕ್ಕನ್ನು ತನ್ನಲ್ಲೇ ಇಟ್ಟುಕೊಳ್ಳದೆ ಇತರ ತಯಾರಕರಿಗೂ ತೆರೆದುಕೊಟ್ಟಿತೆಂಬುದು ಸ್ಮರಣೀಯ. ಆ ಪಟ್ಟಿ ಮಾಡುವ ಕೆಲಸ ಮೂರು: ದೇಹವನ್ನು ಕಾರಿನೊಂದಿಗೆ ಕಟ್ಟಿ, ಕಾರಿನ ಮೂತಿ ಒದಗಿಸುವ ದೂರವನ್ನು ದೇಹಕ್ಕೂ ದೊರಕಿಸುತ್ತದೆ, ತಾನೂ ಸ್ವಲ್ಪ ಹಿಗ್ಗಿ ಆ ದೂರವನ್ನು ಬೆಳೆಸುತ್ತದೆ, ಬಲವನ್ನು ಎದೆಗೂಡು ಮತ್ತು ಸೊಂಟದ ಗಟ್ಟಿ ಎಲುಬುಗಳ ಮೇಲೆ ಹಂಚುತ್ತದೆ. ಆದರೆ ಅದು ಬೆಳೆದವರ ಅಳತೆಗೆ ಹೊಲಿದ ಅಂಗಿ. ಕೂಸಿನ ಕೊರಳಿಗೂ ಹೊಟ್ಟೆಗೂ ಅದು ತಾಗುವುದರಿಂದ ಮಗುವಿಗೆ ಅದರದೇ ಆಸನ ಬೇಕು. ಅದನ್ನು ಹಿಂದಿನ ಸೀಟಿಗೆ ಬಿಗಿಯಬೇಕು. ಹಿಮ್ಮುಖವಾದ ಶಿಶು ಆಸನವನ್ನು ಗಾಳಿಚೀಲವಿರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಡಬಾರದು. ಕೆಲವೇ ನೂರನೆಯ ಅಂಶ ಸೆಕೆಂಡುಗಳಲ್ಲಿ ಉಬ್ಬುವ ಆ ಚೀಲವೇ ಮಗುವಿಗೆ ಹೊಡೆತವಾಗುತ್ತದೆ.

ಮಕ್ಕಳ ಆಸನವು ದುಬಾರಿಯೆಂಬ ಮಾತನ್ನು ಕೇಳಿದ್ದೇನೆ. ನಾಮಕರಣಕ್ಕೆ ಚಿನ್ನದ ಸರ ಹಾಕುವ ಸೋದರಮಾವಂದಿರು ಅದೇ ಹಣದ ಒಂದು ಪಾಲಿನಲ್ಲಿ ಈ ಆಸನವನ್ನು ತಂದುಕೊಟ್ಟರೆ ತಪ್ಪೇನು? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು 14 ವರ್ಷ ತುಂಬದ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದೆ ವಾಹನ ನಡೆಸುವವರಿಗೆ 1000 ರೂಪಾಯಿ ದಂಡವನ್ನು ಹೇಳುತ್ತದೆ. ದ್ವಿಚಕ್ರ ವಾಹನಗಳ ಬಗೆಗೂ 2022ರ ಫೆಬ್ರುವರಿಯಲ್ಲಿ ಕೇಂದ್ರದ ನಿಯಮ ಪ್ರಕಟವಾಗಿದೆ. ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಚಾಲಕನಿಗೆ ಮಗುವನ್ನು ಬಂಧಿಸುವ ಪಟ್ಟಿ, ಮಗುವಿನ ತಲೆಗೆ ಹೆಲ್ಮೆಟ್, ವೇಗ ಗಂಟೆಗೆ 40 ಕಿಲೋಮೀಟರಿನೊಳಗೆ.

ಹೆಲ್ಮೆಟ್ಟಿನ ಲೆಕ್ಕವೂ ನಾವು ಮೇಲೆ ಕಂಡದ್ದೇ. 1.8 ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಡಿದರೆ ಅದರ ವೇಗ ಸೆಕೆಂಡಿಗೆ ಸುಮಾರು 6 ಮೀಟರ್. ಬರಿಯ ತಲೆ 2 ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ವೇಗೋತ್ಕರ್ಷ 9000. ಹೆಲ್ಮೆಟ್ಟಿನ ಒಳಪದರ 25 ಮಿಲಿಮೀಟರ್ ತಗ್ಗಿದರೆ 720. ಹೆಲ್ಮೆಟ್ಟಿನ ಗಟ್ಟಿ ಹೊರಚಿಪ್ಪನ್ನು ಬಡಿದು ನೋಡಿ ಕೊಳ್ಳುವವರು ಒಳಗಿನ ಆ ಹಗುರವಾದ ಪದರವನ್ನು ನೋಡಿ ಕೊಳ್ಳುವುದು ಒಳಿತು. ಒಮ್ಮೆ ಜೋರಾಗಿ ಬಡಿಸಿಕೊಂಡ ಹೆಲ್ಮೆಟ್ಟಿನಲ್ಲಿ ಆ ಪದರ ಕುಗ್ಗಿ ಹೋಗಿರುವುದರಿಂದ, ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬದಲಾಯಿಸಬೇಕು.

ಮಕ್ಕಳಿಗೆ ಈ ತಿಂಗಳ ಲೆಕ್ಕ: ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದ ಬಸ್ಸು ಬ್ರೇಕ್ ಹಾಕಿ, ಒಂದೇ ಸಮನಾಗಿ ವೇಗ ಕಳೆದುಕೊಂಡು, 40 ಮೀಟರಿನಲ್ಲಿ ನಿಂತಿತು. ನಿಲ್ಲಲು ಹಿಡಿದ ಕಾಲವೆಷ್ಟು? ಸರಾಸರಿ ವೇಗೋತ್ಕರ್ಷವೆಷ್ಟು? 50 ಕಿಲೋಗ್ರಾಂ ತೂಕದ ಪ್ರಯಾಣಿಕನೊಬ್ಬ ನಿಂತಲ್ಲೇ ನಿಲ್ಲಬೇಕಾದರೆ ಕಂಬಿಯನ್ನು ಹಿಡಿದ ಕೈಯೂ ನೆಲವನ್ನು ಒತ್ತಿದ ಪಾದಗಳೂ ಕೂಡಿ ಕೊಡಬೇಕಾದ ಬಲವೆಷ್ಟು? 4 ಸೆಕೆಂಡು, 5 ಮೀಟರ್ ಪ್ರತಿ ಸೆಕೆಂಡು ಪ್ರತಿ ಸೆಕೆಂಡಿಗೆ, 250 ನ್ಯೂಟನ್ ಎಂಬ ಉತ್ತರಗಳು ಬರಬೇಕು. ಬರದಿದ್ದರೆ 72ನ್ನು 3.6ರಿಂದ ಭಾಗಿಸಿದ್ದೀರೋ ಇಲ್ಲವೋ ಎಂಬುದನ್ನು ಮೊದಲು ನೋಡಿಕೊಳ್ಳಿರಿ.